ನಮ್ಮ ನೆರೆಯ ಸಿದ್ದಿ ಬಂಧುಗಳು



ಕಳೆದ ತಿಂಗಳು ಬೆಳಗಾವಿಯಲ್ಲಿ ಖಾನಾಪುರದ ಬಸ್ಸನ್ನೇರಿದೆನು. ಪಕ್ಕದ ಆಸನದಲ್ಲಿ ನಲವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಕುಳಿತಿದ್ದರು. ಕಡುಗಪ್ಪು ಮೈಬಣ್ಣ, ಗುಂಗುರು ಕೂದಲು. ನಮ್ಮ ನಗರದ ಕಾಲೇಜುಗಳಿಗೆ ಆಫ್ರಿಕದಿಂದ ವಿದ್ಯಾರ್ಥಿಗಳು ಬರುವುದನ್ನು ಕಂಡಿದ್ದ ನಾನು, ನನಗಿರುವ ಅಲ್ಪ ಇಂಗ್ಲಿಷನ್ನು ಹೊರತೆಗೆದು "ವಿಚ್ ಕಂಟ್ರಿ?" ಎಂದು ಕೇಳಿಬಿಟ್ಟೆ. ಅವರು ನಕ್ಕರು. "ಅಜ್ಜಾರ, ನಾ ಇಲ್ಲೇ ಖಾನಾಪುರ ತಾಲೂಕಿನಾಂವ ರೀ. ನಮ್ಮಪ್ಪ, ನಮ್ಮಜ್ಜ, ಅವರಪ್ಪ, ಎಲ್ಲಾರೂ ಇಲ್ಲೇ ಹುಟ್ಟಿದವರು" ಎಂದರು.

ನನ್ನ ಮುತ್ತಜ್ಜನವರು ಗದಗಿನ ಕಡೆಯಿಂದ ಬೆಳಗಾವಿಗೆ ಬಂದು ನೆಲೆಸಿದವರು. ಲೆಕ್ಕ ಹಾಕಿದರೆ ಆ ಗೃಹಸ್ಥರ ಮನೆತನವೇ ಈ ನೆಲಕ್ಕೆ ನನ್ನದಕ್ಕಿಂತ ಹಳೆಯದು. ಆದರೂ ಅರುವತ್ತು ದಾಟಿದ ನನ್ನ ಬಾಳಿನಲ್ಲಿ ಯಾರೊಬ್ಬರೂ ನನ್ನನ್ನು ಯಾವ ದೇಶದವನೆಂದು ಕೇಳಿಲ್ಲ.

ಖಾನಾಪುರದ ಕಾಡಂಚಿನಲ್ಲಿಯೂ, ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿಯೂ, ಧಾರವಾಡ ಜಿಲ್ಲೆಯ ಕೆಲವೆಡೆಗಳಲ್ಲಿಯೂ ವಾಸಿಸುವ ಸಿದ್ದಿ ಜನರ ವಿಷಯವಿದು. ಮಠದಲ್ಲಿ ಸಂಸ್ಕೃತ ಓದಿದ ನನ್ನಂಥವರು ಈ ಹೆಸರನ್ನು ಕಂಡೊಡನೆ ಮಹಾಪ್ರಾಣ ಹಚ್ಚಿ 'ಸಿದ್ಧಿ' ಎಂದು ತಿದ್ದಲು ಹೋಗುತ್ತೇವೆ. ಅಷ್ಟಸಿದ್ಧಿಗಳಿಗೂ ಈ ಹೆಸರಿಗೂ ಸಂಬಂಧವಿಲ್ಲ. ಒಡೆಯ ಎಂಬರ್ಥದ ಅರಬ್ಬಿ ಪದದಿಂದ ಇದು ಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಗುಲಾಮರಾಗಿ ಬಂದವರ ಮಕ್ಕಳಿಗೆ ಒಡೆಯನೆಂಬ ಹೆಸರು ನಿಂತದ್ದು ಇತಿಹಾಸದ ವಿನೋದವೇ ಸರಿ.

1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಜರು ಮೊಜಾಂಬಿಕ್ ಮುಂತಾದ ಪೂರ್ವ ಆಫ್ರಿಕದ ತೀರಗಳಿಂದ ಗಂಡಸರನ್ನೂ ಹೆಂಗಸರನ್ನೂ ಹಡಗಿನಲ್ಲಿ ತುಂಬಿ ತಂದು ಮಾರಿದರು. ಪಲ್ಲಕ್ಕಿ ಹೊರಲು, ಅಡುಗೆ ಮಾಡಲು, ಕಾವಲು ಕಾಯಲು, ಯುದ್ಧಕ್ಕೆ ಹೋಗಲು ಅವರೇ ಬೇಕಾಗಿದ್ದರು. ಹಾಗೆ ತಂದವರಲ್ಲಿ ತಪ್ಪಿಸಿಕೊಂಡವರು ಘಟ್ಟವನ್ನೇರಿ ಈ ದಟ್ಟಡವಿಗಳಲ್ಲಿ ಮರೆಯಾದರು. ಪೋರ್ಚುಗೀಜ ಸರಕಾರ ಗುಲಾಮಗಿರಿಯನ್ನು ರದ್ದುಮಾಡಿದ್ದು 1869ರಲ್ಲಿ. ಅಷ್ಟರೊಳಗೆ ಹತ್ತಾರು ತಲೆಮಾರುಗಳು ಕಳೆದಿದ್ದವು. ಅನಮೋಡದ ಘಟ್ಟದಲ್ಲಿಯೋ ಚೋರ್ಲಾದ ದಾರಿಯಲ್ಲಿಯೋ ಗೋವೆಗೆ ಹೋಗುವ ನಾವು ತಂಪು ಗಾಳಿಯನ್ನು ಹೊಗಳುತ್ತೇವೆ; ಆ ಏರನ್ನು ಕತ್ತಲಲ್ಲಿ ಬರಿಗಾಲಿನಿಂದ ಹತ್ತಿದವರ ನೆನಪು ನಮಗೆ ಬರುವುದಿಲ್ಲ.

ದಖ್ಖನಿಗೆ ಆಫ್ರಿಕದವರು ಬಂದದ್ದು ಗೋವೆಯ ದಾರಿಯೊಂದರಿಂದಲೇ ಅಲ್ಲ. ಸುಲ್ತಾನರ ದರಬಾರುಗಳಲ್ಲಿ ಹಬಶಿಗಳೆಂದು ಕರೆಯಿಸಿಕೊಂಡವರು ಬೇರೊಂದು ದಾರಿಯಿಂದ ಬಂದರು. ಇಥಿಯೋಪಿಯದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾಗಿ ಬಂದ ಮಲಿಕ್ ಅಂಬರನು ಅಹಮದನಗರದ ಪ್ರಧಾನಿಯಾಗಿ, 1626ರಲ್ಲಿ ತೀರಿಕೊಳ್ಳುವವರೆಗೆ ಮೊಗಲರನ್ನು ತಡೆದು ನಿಲ್ಲಿಸಿದನು. ಅವನು ಮಾಡಿದ ಕಂದಾಯದ ಏರ್ಪಾಡನ್ನು ನಂತರದವರೂ ಮೆಚ್ಚಿದರು. ನಮ್ಮ ವಿಜಯಪುರದಲ್ಲಿ, ಗೋಳಗುಮ್ಮಟದಲ್ಲಿ ಮಲಗಿರುವ ಮಹಮ್ಮದ ಆದಿಲಶಾಹನ ಪ್ರಧಾನಿ ಇಖ್ಲಾಸಖಾನನು ಹಬಶಿ. 1660ರಲ್ಲಿ ಪನ್ಹಾಳಗಡಕ್ಕೆ ಮುತ್ತಿಗೆ ಹಾಕಿದ ಸಿದ್ದಿ ಜೌಹರನ ಹೆಸರನ್ನು ಬೆಳಗಾವಿಯ ಶಾಲಾ ಬಾಲಕರೂ ಬಲ್ಲರು. ಆದರೆ ಆ 'ಸಿದ್ದಿ'ಗೂ ಖಾನಾಪುರದ ಸಂತೆಗೆ ಬರುವ ಸಿದ್ದಿ ತಾಯಿಗೂ ಒಂದು ನಂಟಿದೆಯೆಂದು ನಮಗೆ ಯಾರೂ ಕಲಿಸಲಿಲ್ಲ.

ಇನ್ನೂ ಹತ್ತಿರದ ಮಾತೊಂದಿದೆ. ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿ 26ರಂದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ ಗಲ್ಲಿಗೇರಿಸಿದರು. ಆತನ ಸಂಗಡ ಅಡವಿಯಲ್ಲಿ ಹೋರಾಡಿದ ಗಜವೀರನು ಸಿದ್ದಿಯೆಂಬ ಮಾತು ಈ ಭಾಗದಲ್ಲಿ ಹಿಂದಿನಿಂದ ಬಂದಿದೆ. ನಂದಗಡದ ಆಲದ ಮರಕ್ಕೆ ಕೈಮುಗಿಯುವವರು ಎಷ್ಟು ಜನ! ಗಜವೀರನ ಕುಲದವರು ಎಲ್ಲಿದ್ದಾರೆಂದು ವಿಚಾರಿಸುವವರು ಎಷ್ಟು ಜನ?

ಅಮೆರಿಕದಲ್ಲಿ ಈ ಬಗೆಯ ಮರೆವಿಗೆ ಒಬ್ಬ ವಿದ್ವಾಂಸರು ಮದ್ದು ಹುಡುಕಿದರು. ಕಾರ್ಟರ್ ವುಡ್‌ಸನ್ ಎಂಬುವರು ಗುಲಾಮರಾಗಿದ್ದ ತಂದೆತಾಯಿಗಳ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದು, ತಡವಾಗಿ ಶಾಲೆ ಸೇರಿ, 1912ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ದೇಶದ ಚರಿತ್ರೆಯ ಪುಸ್ತಕಗಳಲ್ಲಿ ತಮ್ಮವರ ಹೆಸರೇ ಇಲ್ಲದ್ದನ್ನು ಕಂಡು, 1926ರಲ್ಲಿ ಫೆಬ್ರುವರಿಯ ಒಂದು ವಾರವನ್ನು ಕಪ್ಪು ಜನರ ಇತಿಹಾಸದ ಸ್ಮರಣೆಗೆ ಮೀಸಲಿಟ್ಟರು. 1976ರಿಂದ ಅದು ಇಡೀ ತಿಂಗಳ ಆಚರಣೆಯಾಯಿತು. ನಮ್ಮಲ್ಲಿ ದಿನಾಚರಣೆಗಳಿಗೇನೂ ಕೊರತೆಯಿಲ್ಲ. ಇನ್ನೊಂದನ್ನು ಕೂಡಿಸೆಂದು ನಾನು ಕೇಳುತ್ತಿಲ್ಲ. ವುಡ್‌ಸನ್ನರ ಕಣ್ಣು ಪಠ್ಯಪುಸ್ತಕದ ಮೇಲಿತ್ತು ಎಂಬುದಷ್ಟನ್ನೇ ಗಮನಿಸಬೇಕು.

ಕೊಡುಗೆಯೆಂದರೆ ಖಡ್ಗ ಹಿಡಿದವರದಷ್ಟೇ ಅಲ್ಲ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಡಮಾಮಿಯ ಪೆಟ್ಟಿಗೆ ಮೂವರ ಹೆಜ್ಜೆಯೂ ಒಂದೇ. ಅವರ ಹೆಣ್ಣುಮಕ್ಕಳು ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಕೂಡಿಸಿ ಹೊಲಿಯುವ ಕೌದಿಗಳು ಅಮೆರಿಕದ ಪ್ರದರ್ಶನಗಳವರೆಗೆ ಹೋಗಿವೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವ ಹೊಲಿಗೆ ಅದು. ನಾಲ್ಕು ಮೂಲೆಗಳಲ್ಲಿ 'ಫೂಲ' ಎಂದು ಮಡಿಚಿದ ಬಟ್ಟೆಯ ತುಂಡು ಕೂಡದೆ ಕೌದಿ ಪೂರ್ಣವಾಗದು. ಅತ್ತ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಹಳ್ಳಿಯಲ್ಲಿ, ಹತ್ತಿಯ ಹೊಲಗಳಲ್ಲಿ ಗುಲಾಮರಾಗಿ ದುಡಿದವರ ಮೊಮ್ಮಕ್ಕಳೂ ಮರಿಮಕ್ಕಳೂ ಹಳೆಯ ಬಟ್ಟೆಗಳಿಂದಲೇ ಕೌದಿ ಹೊಲಿದು ಹೆಸರಾದರು. ನಮ್ಮ ಮನೆಗಳಲ್ಲಿ ಅಜ್ಜಿ ಹೊಲಿದ ಕೌದಿಯಲ್ಲಿ ಮಲಗಿ ಬೆಳೆಯದವರು ಯಾರು? ಅದರ ಬೆಲೆಯನ್ನು ನಮ್ಮ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ.

ಸರಕಾರದ ಕಣ್ಣಿಗೆ ಇವರು ಬಿದ್ದ ರೀತಿಯನ್ನೂ ಹೇಳಬೇಕು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಮಕ್ಕಳನ್ನು ಆರಿಸಿ ಓಟಗಾರರನ್ನಾಗಿ ಮಾಡಲು ಹೊರಟಿತು. ಪದಕಗಳೂ ಬಂದವು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತು, ಮಕ್ಕಳು ಊರಿಗೆ ಮರಳಿದರು. ಅವರ ಕಾಲುಗಳನ್ನು ಅಳೆದವರು ಅವರ ಓದಿನ ಚಿಂತೆಯನ್ನು ಅಷ್ಟು ಮಾಡಲಿಲ್ಲವೆಂದೇ ನನ್ನ ಅಭಿಪ್ರಾಯ.

ಬಸ್ಸು ದೇಸೂರು ದಾಟುವಾಗ ಆ ಗೃಹಸ್ಥರು ತಮ್ಮ ಮನೆಯ ಮಾತನ್ನೆತ್ತಿದರು. ಅವರ ಸೋದರತ್ತೆಯನ್ನು ಹಳಿಯಾಳ ತಾಲ್ಲೂಕಿಗೆ ಕೊಟ್ಟಿದೆ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಕಾಯ್ದೆಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಹೆಸರು ಮಾತ್ರ ಇತ್ತು. ಅತ್ತೆಯ ಮಕ್ಕಳು ಪಂಗಡದವರಾದರು. ಅದೇ ಕಾಡಿನ ಈಚೆ ಬದಿಯ ಇವರು ಆಗಲಿಲ್ಲ. "ಅವರಿಗೆ ಹಾಸ್ಟೆಲ್ ಸಿಕ್ತು, ಸ್ಕಾಲರ್‌ಶಿಪ್ ಸಿಕ್ತು. ನಾ ಪಿಯುಸಿಗೇ ಬಿಟ್ಟು ಗೋವಾಕ್ಕ ದುಡಿಯಾಕ ಹೋದೆ ರೀ" ಎಂದರು. ಜಿಲ್ಲೆಯ ಗಡಿಗೆರೆಯನ್ನು ಎಳೆದವರು ಯಾರೋ. ಅದು ಒಂದೇ ಮನೆತನದ ನಡುವೆ ಹಾದುಹೋಯಿತು. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳ ಹೆಸರು ಪಟ್ಟಿಗೆ ಸೇರಿದ್ದು 2020ರಲ್ಲಿ, ಹದಿನೇಳು ವರ್ಷಗಳ ನಂತರ. ಅದೇ ವರ್ಷ ಉತ್ತರ ಕನ್ನಡದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಆ ಸದನವನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.

"ನನಗ ವಯಸ್ಸು ಮುಗಿದ ಮ್ಯಾಲೆ ಕಾಯ್ದೆ ಬಂತು ರೀ ಅಜ್ಜಾರ. ಮಗಳಿಗೆ ಉಪಯೋಗ ಆದೀತು." ಮಗಳನ್ನು ಬೆಳಗಾವಿಯ ಕಾಲೇಜಿಗೆ ಸೇರಿಸಲೆಂದೇ ಅವರು ಬಂದಿದ್ದರು. ಅಂಗಿಯ ಕಿಸೆಯಿಂದ ಪ್ಲಾಸ್ಟಿಕ್ ಚೀಲವೊಂದನ್ನು ತೆಗೆದು, ಅದರೊಳಗಿನ ಪ್ರಮಾಣಪತ್ರದ ಝೆರಾಕ್ಸ್ ಪ್ರತಿಯನ್ನು ನನ್ನ ಕೈಗಿತ್ತರು. "ನೀವು ಓದಿದವರು. ಅಕ್ಷರ ಎಲ್ಲಾ ಬರೋಬರಿ ಅದಾವೇನು ನೋಡ್ರಿ. ಒಂದು ಅಕ್ಷರ ತಪ್ಪಿದ್ರೂ ತಿರುಗಿ ಕಳಸ್ತಾರ."

ಕನ್ನಡಕ ಹಾಕಿಕೊಂಡು ಪ್ರತಿಯೊಂದು ಸಾಲನ್ನೂ ಎರಡು ಸಲ ಓದಿದೆ. ಜಿಲ್ಲೆ ಬೆಳಗಾವಿ, ತಾಲ್ಲೂಕು ಖಾನಾಪುರ, ಜಾತಿ ಸಿದ್ದಿ. ಮಹಾಪ್ರಾಣವಿರಲಿಲ್ಲ. ಸರಿಯಾಗಿದೆ ಎಂದೆ. ಅವರು ಅದನ್ನು ಮಡಿಚಿ ಮತ್ತೆ ಕಿಸೆಯಲ್ಲಿರಿಸಿಕೊಂಡು, ಖಾನಾಪುರ ಬಂದೊಡನೆ ಇಳಿದು ಹಳ್ಳಿಯ ಬಸ್ಸಿನ ಕಡೆಗೆ ನಡೆದರು.