ನೆತ್ತಿಗೆ ಖಳ, ಗಡ್ಡಕ್ಕೆ ಗೆಳೆಯ

ಕೂದಲುದುರುವವರ ಆತಂಕವನ್ನು ಕಾಸು ಮಾಡಿಕೊಳ್ಳುವವರು ಈಗ ರಸಾಯನಶಾಸ್ತ್ರದ ಭಾಷೆ ಕಲಿತಿದ್ದಾರೆ. ಎಣ್ಣೆ, ಶಾಂಪೂ ಬಾಟಲಿಗಳ ಮೇಲೂ ‘ಡಿಎಚ್‌ಟಿ ಬ್ಲಾಕರ್’ ಎಂಬ ಬರಹ. ಡಿಎಚ್‌ಟಿ ಎಂಬ ಹಾರ್ಮೋನು ಖಳನಾಯಕ, ಅದನ್ನು ತಯಾರಿಸುವ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಅವನ ಬಂಟ. ಇಬ್ಬರನ್ನೂ ಬಡಿದರೆ ತಲೆತುಂಬ ಕೂದಲು! ಈ ಕಥೆಯಲ್ಲಿ ಅರ್ಧ ಸತ್ಯವಿದೆ. ಮೋಸ ಇರುವುದು ಮುಚ್ಚಿಟ್ಟ ಇನ್ನರ್ಧದಲ್ಲಿ.

ಈ ಕಿಣ್ವ ಟೆಸ್ಟೋಸ್ಟಿರಾನನ್ನು ಅದಕ್ಕಿಂತ ಪ್ರಬಲವಾದ ಡಿಎಚ್‌ಟಿಯಾಗಿ ಮಾರ್ಪಡಿಸುತ್ತದೆ. ಅದೇ ಡಿಎಚ್‌ಟಿ ಕೆನ್ನೆಯ ನವಿರುಗೂದಲನ್ನು ದಟ್ಟ ಗಡ್ಡವಾಗಿಸುತ್ತದೆ. ವಂಶವಾಹಿಯಿಂದಲೇ ಅದಕ್ಕೆ ಮಣಿಯುವ ನೆತ್ತಿಯಲ್ಲಿ ಕೂದಲ ಬುಡವನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ. ಹಾರ್ಮೋನು ಒಂದೇ, ಬುಡಗಳ ಸ್ವಭಾವ ಬೇರೆ.

ಇದು ನಮಗೆ ತಿಳಿದದ್ದು ಬಹುಮಟ್ಟಿಗೆ ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಿಂದ. ಅಲ್ಲಿ ಕೆಲವು ಮಕ್ಕಳು ಹೆಣ್ಣೆಂದೇ ಬೆಳೆದು, ಹರೆಯದಲ್ಲಿ ಗಂಡಿನ ಮೈಕಟ್ಟು ಪಡೆಯುತ್ತಿದ್ದರು. ಅವರಲ್ಲಿ ಈ ಕಿಣ್ವದ ಕೊರತೆಯಿದೆ ಎಂದು 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮ್ಯಾಕ್‌ಗಿನ್ಲಿ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಬೆಳೆದ ಮೇಲೂ ಅವರಿಗೆ ಗಡ್ಡ ವಿರಳ, ಪ್ರಾಸ್ಟೇಟ್ ಚಿಕ್ಕದು. ಹಣೆಯಂಚಿನ ಕೂದಲು ಮಾತ್ರ ಹಿಂದೆ ಸರಿಯುತ್ತಿರಲಿಲ್ಲ. ಈ ಸುಳಿವು ಹಿಡಿದೇ ಮರ್ಕ್ ಕಂಪನಿ ಫಿನಾಸ್ಟರೈಡ್ ರೂಪಿಸಿತು. ಅಮೆರಿಕದಲ್ಲಿ 1992ರಲ್ಲಿ ಪ್ರಾಸ್ಟೇಟ್ ಊತಕ್ಕೆ, 1997ರಲ್ಲಿ 1 ಮಿಲಿಗ್ರಾಂ ಪ್ರಮಾಣದಲ್ಲಿ ಗಂಡಸರ ಬೊಕ್ಕತಲೆಗೆ ಅದಕ್ಕೆ ಅನುಮತಿ ಸಿಕ್ಕಿತು.

ಮಾತ್ರೆ ಕೆಲಸ ಮಾಡುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ನುಂಗುವುದನ್ನು ನಿಲ್ಲಿಸಿದರೆ ಗಳಿಸಿದ ಕೂದಲು ಉಳಿಯದು. ಕೆಲವರಲ್ಲಿ ಕಾಮಾಸಕ್ತಿ ಕುಂದುತ್ತದೆ. ಗರ್ಭಿಣಿಯರು ಅದರ ಪುಡಿಯನ್ನೂ ಮುಟ್ಟಬಾರದು, ಏಕೆಂದರೆ ಗಂಡು ಭ್ರೂಣದ ಜನನಾಂಗ ಸರಿಯಾಗಿ ರೂಪುಗೊಳ್ಳಲು ಇದೇ ಡಿಎಚ್‌ಟಿ ಬೇಕು. ಸಲಿನಾಸಿನ ಮಕ್ಕಳ ಕಥೆ ಹೀಗೆ ಔಷಧದ ಎಚ್ಚರಿಕೆಯ ಚೀಟಿಯಲ್ಲೂ ಇದೆ, ಅವರ ಊರಿನ ಹೆಸರಿಲ್ಲದೆ. ನಮ್ಮನ್ನು ಗರ್ಭದಲ್ಲಿ ತಿದ್ದಿದ ಕಿಣ್ವವನ್ನು ಖಳನೆಂದು ಕರೆಯುವವನಿಗೆ ಜೀವಶಾಸ್ತ್ರ ಬೇಕಿಲ್ಲ, ಗಿರಾಕಿ ಬೇಕು.

ಎಣ್ಣೆ, ಶಾಂಪೂ ಮಾರುವವರದು ಇನ್ನೂ ಸುಲಭದ ದಾರಿ: ಮಾತ್ರೆ ಎದುರಿಸಿದ ಪರೀಕ್ಷೆ ಬೇಡ, ಅದರ ಪರಿಭಾಷೆ ಸಾಕು. ಹಾಗಾಗಿ ‘ಬ್ಲಾಕರ್’ ಎಂಬ ಪದ ಕಂಡಾಗಲೆಲ್ಲ ಕೇಳಬೇಕು: ಯಾರ ಮೇಲೆ, ಎಷ್ಟು ತಿಂಗಳು ಪರೀಕ್ಷಿಸಿದಿರಿ? ಇಪ್ಪತ್ತರ ಹುಡುಗ ವೈದ್ಯರನ್ನು ಕೇಳಿ ಮಾತ್ರೆ ನುಂಗಲಿ, ಇಲ್ಲವೇ ಬೋಳುತಲೆಯಲ್ಲೇ ಓಡಾಡಲಿ. ಎರಡೂ ಅವನ ಹಕ್ಕು. ಅವನಿಗೆ ಅರ್ಧ ಕಥೆ ಹೇಳಿ ದುಡ್ಡು ಕೀಳುವುದು ಮಾತ್ರ ಯಾರ ಹಕ್ಕೂ ಅಲ್ಲ.