ಎಣಿಕೆ ತಪ್ಪಿದಲ್ಲಿ ಹಿಂಸೆ

ಶಸ್ತ್ರಚಿಕಿತ್ಸೆಯಾದ ರೋಗಿಯ ಉದರದಲ್ಲಿ ಬಟ್ಟೆಯ ತುಂಡೋ ಇಕ್ಕಳವೋ ಉಳಿದ ಸುದ್ದಿ ಬಂದಾಗಲೆಲ್ಲ ಎರಡು ಸಮಾಧಾನಗಳು ಕೇಳಿಬರುತ್ತವೆ: 'ವೈದ್ಯರಿಗೆ ದುರುದ್ದೇಶವಿತ್ತೇ?', 'ಎಲ್ಲವೂ ರೋಗಿಯ ಕರ್ಮ.' ಎರಡೂ ಸಲ್ಲವು. ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಮಾದವನ್ನೇ ಮುಂದಿಡುತ್ತದೆ. ರೋಗಿಯ ಕರ್ಮವು ಮಾಡಿದವರ ಹೊಣೆಯನ್ನು ಕಳೆಯದು.

1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಬಳಿಕ ಸಂತಾನಹರಣ ಶಸ್ತ್ರಚಿಕಿತ್ಸೆಗೊಳಗಾದ ತಾಯಿಯೊಬ್ಬಳ ಹೊಟ್ಟೆಯಲ್ಲಿ ಬಟ್ಟೆ ಉಳಿಯಿತು. ಕೆಲವೇ ದಿನಗಳಲ್ಲಿ ಆಕೆ ಮೃತಳಾದಳು. ಸರ್ವೋಚ್ಚ ನ್ಯಾಯಾಲಯವು ಸರ್ಕಾರವನ್ನು ಹೊಣೆಯಾಗಿಸಿದ್ದು 1996ರಲ್ಲಿ.

ಒಬ್ಬರನ್ನು ದೂಷಿಸಿದ ಮಾತ್ರಕ್ಕೆ ಪರಿಹಾರ ದೊರೆಯದು. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಈ ಅಪಾಯ ಸುಮಾರು ಒಂಬತ್ತು ಪಟ್ಟು, ನಡುವೆ ಕ್ರಮ ಬದಲಾದರೆ ನಾಲ್ಕು ಪಟ್ಟು ಹೆಚ್ಚೆಂದು 2003ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಎಣಿಕೆ ನಡೆದಿದ್ದ ಪ್ರಕರಣಗಳಲ್ಲೂ ಬಹುಪಾಲು 'ಲೆಕ್ಕ ಸರಿ' ಎಂದೇ ಭಾವಿಸಲಾಗಿತ್ತು! ಅವಸರ, ದಣಿವು, ಹಿರಿಯರೆದುರು ಸಂಶಯ ಹೇಳಲಂಜುವ ದಾದಿಯ ಮೌನ, ಇವೇ ಪ್ರಮಾದದ ಬೇರುಗಳು. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯ 2008ರ ಸುರಕ್ಷತಾ ಪಟ್ಟಿಯು ಎಣಿಕೆಯನ್ನು ದಾದಿಯೇ ಬಾಯಿಬಿಟ್ಟು ಹೇಳಬೇಕೆನ್ನುತ್ತದೆ.

ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಗಳಿಂದ ಅಪರಾತ್ರಿಯಲ್ಲಿ ರೋಗಿಯನ್ನು ಹುಬ್ಬಳ್ಳಿಗೆ ಒಯ್ಯುವ ಕುಟುಂಬಗಳಿಗೆ ಇದು ದೂರದ ಮಾತಲ್ಲ.

ಮುನಿಗಳಿಗೆ ಆದಾನನಿಕ್ಷೇಪಣ ಸಮಿತಿಯುಂಟು: ಕಮಂಡಲುವನ್ನೂ ನೋಡಿ ಎತ್ತಿ, ನೋಡಿ ಇಡುವ ಎಚ್ಚರ. ಶಸ್ತ್ರಚಿಕಿತ್ಸಾಗೃಹಕ್ಕೂ ಅದೇ ವ್ರತ ಬೇಕು. ಆಸ್ಪತ್ರೆಗಳಿಗೆ ದಾನ ನೀಡುವ, ಶಿಬಿರ ನಡೆಸುವ ಬಸದಿಗಳ ಟ್ರಸ್ಟುಗಳು 'ಎಷ್ಟು ಶಸ್ತ್ರಚಿಕಿತ್ಸೆಗಳಾದವು?' ಎಂದು ಕೇಳುವ ಮುನ್ನ 'ಹೊಲಿಯುವ ಮುನ್ನ ಎಣಿಸಿದಿರಾ?' ಎಂದು ಕೇಳಲಿ. ಕೇಳದೆ ಕೊಟ್ಟ ದಾನವೂ ಪ್ರಮಾದವೇ.