ಅಪ್‌ಗ್ರೇಡ್ ಡಿಸ್ಕಿನಲ್ಲಿ ಕ್ಲೀನ್ ಇನ್‌ಸ್ಟಾಲ್: ಸರಿಯೋ ತಪ್ಪೋ?

2009ರ ಅಕ್ಟೋಬರ್ 22ರಂದು ವಿಂಡೋಸ್ 7 ಮಾರುಕಟ್ಟೆಗೆ ಬಂದಾಗ ಹಳೆಯ ಜಗಳವೊಂದು ಮತ್ತೆ ಶುರುವಾಗಿತ್ತು. ಪೂರ್ತಿ ಆವೃತ್ತಿಗಿಂತ ಅಗ್ಗಕ್ಕೆ ಸಿಗುತ್ತಿದ್ದ ಅಪ್‌ಗ್ರೇಡ್ ಡಿವಿಡಿಯನ್ನು ಖಾಲಿ ಹಾರ್ಡ್ ಡಿಸ್ಕಿಗೆ ಹಾಕಬಹುದೆ, ಅಂದರೆ ಕ್ಲೀನ್ ಇನ್‌ಸ್ಟಾಲ್ ಮಾಡಬಹುದೆ? ದಿನವೂ ಇದೇ ಕೆಲಸ ಮಾಡುತ್ತಿದ್ದ ಇಬ್ಬರನ್ನು ಆಗ ಕೇಳಿದ್ದೆವು. ಮೊದಲನೆಯವರ ಬರಹ ಬೇಗ ಬಂದದ್ದರಿಂದ ಅದನ್ನು ಎರಡನೆಯವರಿಗೂ ತೋರಿಸಿದ್ದೆವು.

ಪರ: ಲೈಸೆನ್ಸ್ ನನ್ನದು, ಡಿಸ್ಕ್ ಖಾಲಿಯಿದ್ದರೇನು?
(ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವರು)

2009ರಲ್ಲಿ ಅಮೆರಿಕದಲ್ಲಿ ವಿಂಡೋಸ್ 7 ಹೋಂ ಪ್ರೀಮಿಯಂ ಪೂರ್ತಿ ಆವೃತ್ತಿಗೆ 199.99 ಡಾಲರ್ ಇತ್ತು, ಅಪ್‌ಗ್ರೇಡಿಗೆ 119.99. ಆ 80 ಡಾಲರ್ ಬಿಟ್ಟುಕೊಟ್ಟಿದ್ದು ಯಾತಕ್ಕೆ? ಹಿಂದಿನ ವಿಂಡೋಸಿಗೆ ನಾನು ಆಗಲೇ ದುಡ್ಡು ಕೊಟ್ಟಿದ್ದೇನೆ ಎನ್ನುವುದಕ್ಕೆ. ನನ್ನ ಹಾರ್ಡ್ ಡಿಸ್ಕಿನಲ್ಲಿ ಹಳೇ ಕಸ ಬಿದ್ದಿದೆ ಎನ್ನುವುದಕ್ಕಲ್ಲ. ಇಷ್ಟು ಒಪ್ಪಿಕೊಂಡವರು ಮಿಕ್ಕಿದ್ದನ್ನೂ ಒಪ್ಪಲೇಬೇಕು. ಸೈಟಿನ ಖಾತೆ ನನ್ನ ಹೆಸರಲ್ಲಿದ್ದ ಮೇಲೆ ಹಳೇ ಮನೆಯ ಮೇಲೇ ಅಂತಸ್ತು ಏರಿಸುತ್ತೇನೋ, ಪೂರ್ತಿ ಕೆಡವಿ ಹೊಸದಾಗಿ ಕಟ್ಟುತ್ತೇನೋ, ನನ್ನಿಷ್ಟ. ಕೆಡವಿದೆ ಅಂತ ಖಾತೆ ರದ್ದಾಗುತ್ತದೆಯೆ?

ಮೈಕ್ರೋಸಾಫ್ಟ್‌ನವರಿಗೆ ಒಂದು ಕಾಲದಲ್ಲಿ ಇದು ಚೆನ್ನಾಗಿಯೇ ಗೊತ್ತಿತ್ತು. ವಿಂಡೋಸ್ 98ರ ಅಪ್‌ಗ್ರೇಡ್ ಸಿಡಿಯನ್ನು ಖಾಲಿ ಡಿಸ್ಕಿಗೆ ಹಾಕಲು ಹೋದರೆ ಸೆಟಪ್ ನಡುವೆ ನಿಂತು ಹಳೇ ವಿಂಡೋಸಿನ ಸಿಡಿಯನ್ನೋ ಫ್ಲಾಪಿಯನ್ನೋ ತೋರಿಸು ಎನ್ನುತ್ತಿತ್ತು. 2001ರ ಎಕ್ಸ್‌ಪಿಯೂ ಅಷ್ಟೆ. 98, ಮಿ, ಎನ್‌ಟಿ 4, 2000, ಇವುಗಳಲ್ಲಿ ಯಾವುದಾದರೂ ಒಂದು ಸಿಡಿ ಹಾಕಿದರೆ ಡ್ರೈವು ಒಂದು ಸಲ ಗಿರ್ರೆಂದು ತಿರುಗುತ್ತಿತ್ತು, ಸರಿ, ಈಗ ಎಕ್ಸ್‌ಪಿ ಸಿಡಿ ಹಾಕು ಎನ್ನುತ್ತಿತ್ತು. ಮುಗಿಯಿತು. ಹಳೇದು ಇದೆ ಎಂದು ತೋರಿಸಿದ್ದಾಯಿತು, ಹೊಸದು ಶುಚಿಯಾಗಿ ಕೂತಿದ್ದಾಯಿತು. ಇದಕ್ಕಿಂತ ನ್ಯಾಯವಾದ ಪದ್ಧತಿ ನನಗೆ ತೋಚುವುದಿಲ್ಲ.

2007ರಲ್ಲಿ ವಿಸ್ತಾ ತಂದಾಗ ಈ ಸೌಕರ್ಯ ಕಿತ್ತುಹಾಕಿದರು. ಹಳೇ ವಿಂಡೋಸ್ ಯಂತ್ರದಲ್ಲಿ ಓಡುತ್ತಲೇ ಇರಬೇಕು, ಅದರೊಳಗಿನಿಂದಲೇ ಸೆಟಪ್ ಶುರುಮಾಡಬೇಕು ಎಂದರು. ಜನ ಬಿಟ್ಟಾರೆ? ಪ್ರಾಡಕ್ಟ್ ಕೀ ಕೊಡದೆ ವಿಸ್ತಾವನ್ನು ಒಂದು ಸಲ ಹಾಕುವುದು, ಆ ಕೀ ಇಲ್ಲದ ವಿಸ್ತಾದೊಳಗಿನಿಂದ ಅದೇ ಡಿವಿಡಿಯನ್ನು ಮತ್ತೆ ಓಡಿಸಿ, ಈ ಸಲ ಕೀ ಹೊಡೆದು ‘ಅಪ್‌ಗ್ರೇಡ್’ ಒತ್ತುವುದು. ವಿಸ್ತಾದಿಂದ ವಿಸ್ತಾಕ್ಕೇ ಅಪ್‌ಗ್ರೇಡ್! ಸೆಟಪ್ ಚಕಾರ ಎತ್ತುತ್ತಿರಲಿಲ್ಲ. ಒಂದೇ ಕೆಲಸವನ್ನು ಎರಡೆರಡು ಸಲ ಮಾಡಿಸಿದ್ದು ಬಿಟ್ಟರೆ ಆ ಹೊಸ ಕಟ್ಟುನಿಟ್ಟಿನಿಂದ ಕಂಪನಿ ಏನು ಉಳಿಸಿಕೊಂಡಿತೋ ದೇವರೇ ಬಲ್ಲ.

ಈಗ 7ರ ವಿಷಯಕ್ಕೆ ಬನ್ನಿ. ನನ್ನ ವಾದವೆಲ್ಲ ಇರುವುದು ಇಲ್ಲಿ. ಎಕ್ಸ್‌ಪಿ ಇಟ್ಟುಕೊಂಡವರೂ ಅಪ್‌ಗ್ರೇಡ್ ಡಿವಿಡಿ ಕೊಳ್ಳಬಹುದು ಎಂದು ಕಂಪನಿಯೇ ಹೇಳಿತ್ತು. ತಂದು ಹಾಕಿ ನೋಡಿ. ‘ಅಪ್‌ಗ್ರೇಡ್’, ‘ಕಸ್ಟಮ್’ ಎಂದು ಎರಡು ಆಯ್ಕೆ ಬರುತ್ತವೆ. ಮೊದಲನೆಯದನ್ನು ಒತ್ತಿದರೆ ಎಕ್ಸ್‌ಪಿಯಿಂದ ಅಪ್‌ಗ್ರೇಡ್ ಆಗುವುದಿಲ್ಲ, ‘ಕಸ್ಟಮ್’ ಒತ್ತು ಎನ್ನುತ್ತದೆ. ಕಸ್ಟಮ್ ಎಂದರೆ ಹೊಸದಾಗಿ ಹಾಕುವುದೇ. ಹಳೆಯದನ್ನೆಲ್ಲ ವಿಂಡೋಸ್.ಓಲ್ಡ್ ಎಂಬ ಫೋಲ್ಡರಿಗೆ ತುಂಬಿ ಮೂಲೆಗಿಡುತ್ತದೆ, ಅಷ್ಟೆ. 32 ಬಿಟ್ ವಿಸ್ತಾದಿಂದ 64 ಬಿಟ್ಟಿನ 7ಕ್ಕೆ ಹೋಗುವವರದ್ದೂ ಇದೇ ಕಥೆ. 64 ಬಿಟ್ ಸೆಟಪ್ 32 ಬಿಟ್ ವಿಂಡೋಸಿನೊಳಗೆ ಓಡುವುದೇ ಇಲ್ಲ, ಡಿವಿಡಿಯಿಂದ ಬೂಟ್ ಮಾಡದೆ ಗತ್ಯಂತರವಿಲ್ಲ. ಅಂದಮೇಲೆ ಅಪ್‌ಗ್ರೇಡ್ ಡಿಸ್ಕಿನಲ್ಲಿ ಕ್ಲೀನ್ ಇನ್‌ಸ್ಟಾಲ್ ಕಳ್ಳದಾರಿ ಹೇಗಾಯಿತು ಸ್ವಾಮಿ? ಕಂಪನಿಯೇ ಕೈಹಿಡಿದು ನಡೆಸುವ ರಾಜಮಾರ್ಗ ಅದು.

ತಕರಾರು ಇರುವುದು ಒಂದೇ ಕಡೆ. ಹಳೇ ವಿಂಡೋಸ್ ಡಿಸ್ಕಿನಲ್ಲಿ ಇರುವಾಗಲೇ ಹಾಕಿದರೆ ಕೀ ಒಪ್ಪುತ್ತದೆ. ಮೊದಲೇ ಫಾರ್ಮ್ಯಾಟ್ ಹೊಡೆದಿದ್ದರೆ ಇನ್‌ಸ್ಟಾಲ್ ಸುಸೂತ್ರವಾಗಿ ಮುಗಿಯುತ್ತದೆ, ಆಕ್ಟಿವೇಟ್ ಮಾಡುವಾಗ ಸಿ004ಎಫ್061 ಎಂಬ ನಂಬರಿನೊಡನೆ ‘ಈ ಕೀ ಅಪ್‌ಗ್ರೇಡಿಗೆ ಮಾತ್ರ’ ಎಂದು ರಾಗ ಎಳೆಯುತ್ತದೆ. ಹಾರ್ಡ್ ಡಿಸ್ಕ್ ಸತ್ತುಹೋಗಿ ಹೊಸದು ಹಾಕಿಸಿಕೊಂಡ ಗಿರಾಕಿ ಏನು ಮಾಡಬೇಕು? ಮೊದಲು ಎಕ್ಸ್‌ಪಿ ಹಾಕಿ, ಅದು ಏಳುವವರೆಗೆ ಕಾದು, ಆಮೇಲೆ ಅದರ ತಲೆಯ ಮೇಲೆ 7 ಹಾಕಬೇಕೆ? ಐದು ನಿಮಿಷದಲ್ಲಿ ಅಳಿಸಿಹಾಕುವುದಕ್ಕೆಂದೇ ಒಂದು ವಿಂಡೋಸ್ ಹಾಕುವುದು ಯಾವ ಊರಿನ ನ್ಯಾಯ?

ಅದಕ್ಕೇ ನಾನು ಗಿರಾಕಿಯ ಎದುರಿಗೇ ರಿಜಿಸ್ಟ್ರಿ ಎಡಿಟರ್ ತೆಗೆಯುತ್ತೇನೆ. ಸೆಟಪ್ ಕೆಳಗೆ ಓಓಬಿಇ, ಅದರಲ್ಲಿ ಮೀಡಿಯಾಬೂಟ್‌ಇನ್‌ಸ್ಟಾಲ್. ಅಲ್ಲಿರುವ 1ನ್ನು 0 ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ರೀಆರ್ಮ್ ಆದೇಶ ಹೊಡೆದು, ಒಮ್ಮೆ ರೀಸ್ಟಾರ್ಟ್ ಮಾಡಿ ಅದೇ ಕೀ ಕೊಟ್ಟರೆ ತೆಪ್ಪಗೆ ಆಕ್ಟಿವೇಟ್ ಆಗುತ್ತದೆ. ಇದರಲ್ಲಿ ಹ್ಯಾಕಿಂಗ್ ಪಾಕಿಂಗ್ ಏನೂ ಇಲ್ಲ. ‘ಇದು ಡಿವಿಡಿಯಿಂದ ಬೂಟ್ ಮಾಡಿ ಹಾಕಿದ್ದು’ ಎಂದು ವಿಂಡೋಸ್ ತನ್ನಷ್ಟಕ್ಕೆ ಬರೆದುಕೊಂಡ ಒಂದು ಗುರುತು ಅದು, ಅಷ್ಟೆ.

ಒಳಗಿನಿಂದಲೇ ಅಪ್‌ಗ್ರೇಡ್ ಮಾಡಿ, ಎಲ್ಲ ಉಳಿಯುತ್ತದಲ್ಲ ಎನ್ನುವವರಿಗೆ ಒಂದು ಲೆಕ್ಕ. ಮೈಕ್ರೋಸಾಫ್ಟ್‌ನವರೇ 2009ರಲ್ಲಿ ವಿಸ್ತಾದಿಂದ 7ಕ್ಕೆ ಅಪ್‌ಗ್ರೇಡ್ ಮಾಡಿ ಅಳೆದಾಗ, 650 ಜಿಬಿ ಕಡತ ಮತ್ತು 40 ಪ್ರೋಗ್ರಾಂ ತುಂಬಿದ್ದ ಸಾಧಾರಣ ಯಂತ್ರವೊಂದಕ್ಕೆ 1,220 ನಿಮಿಷ ಹಿಡಿಯಿತು. ಇಪ್ಪತ್ತು ಗಂಟೆಗೂ ಮೇಲೆ! ಒಂದೇ ಸಮನೆ ಇಪ್ಪತ್ತು ಗಂಟೆ ಕರೆಂಟು ಕೊಡುವ ಊರಿದ್ದರೆ ಹೇಳಿ, ಅಂಗಡಿ ಅಲ್ಲಿಗೇ ಸಾಗಿಸುತ್ತೇನೆ. ಅಷ್ಟೆಲ್ಲ ಕಾದ ಮೇಲೆ ಉಳಿಯುವುದಾದರೂ ಏನು? ಐದು ಟೂಲ್‌ಬಾರು, ಅವಧಿ ಮುಗಿದ ಎರಡು ಆಂಟಿವೈರಸ್ಸು, ಯಾವ ಕಾಲದ್ದೋ ಪ್ರಿಂಟರಿನ ಅರ್ಧ ಡ್ರೈವರು.

ಆಪಲ್‌ನವರನ್ನು ನೋಡಿ. 2009ರ ಆಗಸ್ಟಿನಲ್ಲಿ ಮ್ಯಾಕ್‌ನ ಸ್ನೋ ಲೆಪರ್ಡ್ ಡಿಸ್ಕನ್ನು 29 ಡಾಲರಿಗೆ ಕೊಟ್ಟರು. ಅದರ ಹಿಂದಿನ ಲೆಪರ್ಡ್ ಇದ್ದವರಿಗೆ ಎಂದು ಕಾಗದದಲ್ಲಿದೆ. ಆದರೆ ಖಾಲಿ ಡಿಸ್ಕಿಗೆ ಹಾಕಿದರೆ ಅದು ಹಿಂದಿನದೆಲ್ಲಿ ಎಂದು ಕೇಳುವುದೇ ಇಲ್ಲ. ಗಿರಾಕಿಯನ್ನು ನಂಬುವುದು ಎಂದರೆ ಇದು.

ಹಳೇ ಲೈಸೆನ್ಸೇ ಇಲ್ಲದವರೂ ಹೀಗೆ ಹಾಕಿಕೊಳ್ಳುತ್ತಾರಲ್ಲ ಎನ್ನಬಹುದು. ಹಾಕಿಕೊಳ್ಳುತ್ತಾರೆ. ನಕಲಿ ಎಕ್ಸ್‌ಪಿ ಇದ್ದವರು ಅಪ್‌ಗ್ರೇಡ್ ಡಿವಿಡಿ ಹಿಡಿದು ನನ್ನ ಅಂಗಡಿಗೂ ಬರುತ್ತಾರೆ, ಅವರಿಗೂ ಆ 0 ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಅವರಿಗೂ ಕಂಪನಿಗೂ ಬಿಟ್ಟ ವಿಚಾರ, ನಾನು ಪೊಲೀಸನಲ್ಲ.

ವಿರೋಧ: ಆಗುತ್ತದೆ ಎಂದ ಮಾತ್ರಕ್ಕೆ ಮಾಡಬೇಕಿಲ್ಲ
(ಬೆಂಗಳೂರಿನ ಕಾಲೇಜೊಂದರ ಸಿಸ್ಟಂ ಅಡ್ಮಿನಿಸ್ಟ್ರೇಟರ್)

ವಿರೋಧವಾಗಿ ಬರೆಯಬೇಕೆಂದು ಸಂಪಾದಕರು ನಿನ್ನೆ ಸಂಜೆ ಹೇಳಿದ್ದಾರೆ. ಆದ್ದರಿಂದ ಮುಖ್ಯ ಅಂಶಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದು ಲೈಸೆನ್ಸ್ ಕರಾರು. ಅಪ್‌ಗ್ರೇಡ್ ತಂತ್ರಾಂಶ ಬಳಸಬೇಕಾದರೆ ಅದಕ್ಕೆ ಅರ್ಹವಾದ ಹಿಂದಿನ ತಂತ್ರಾಂಶದ ಲೈಸೆನ್ಸ್ ನಿಮ್ಮಲ್ಲಿರಬೇಕು, ಅಪ್‌ಗ್ರೇಡ್ ಆದ ಮೇಲೆ ಹಿಂದಿನದನ್ನು ಬಳಸುವಂತಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಹಾರ್ಡ್ ಡಿಸ್ಕ್ ಖಾಲಿ ಇರಬಾರದು ಎಂದು ಎಲ್ಲಿಯೂ ಇಲ್ಲ ಎಂಬುದು ನಿಜ. ಆದರೆ ಆಕ್ಟಿವೇಟ್ ಮಾಡುವಾಗ ನಡೆಯುವ ತಪಾಸಣೆ ಆ ಕರಾರಿಗೆ ಇರುವ ಒಂದೇ ಕಾವಲು. ಅದನ್ನು ತಪ್ಪಿಸುವ ವಿದ್ಯೆ ಕಲಿಸಿಕೊಟ್ಟ ಮೇಲೆ ಯಾರ ಬಳಿ ಹಳೆಯ ಲೈಸೆನ್ಸಿತ್ತು, ಯಾರ ಬಳಿ ಇರಲಿಲ್ಲ ಎಂದು ವಿಂಗಡಿಸುವವರು ಯಾರು? ಎದುರು ಬರಹದ ಕೊನೆಯ ಪ್ಯಾರಾ ನನ್ನ ಕೆಲಸವನ್ನು ಹಗುರ ಮಾಡಿದೆ. ಖಾತೆಯ ಮಾತಿಗೂ ಒಂದು ಉತ್ತರ: ಮನೆ ಕೆಡವಿ ಕಟ್ಟುವವರೂ ನಕ್ಷೆ ಮಂಜೂರು ಮಾಡಿಸಬೇಕು.

ಎರಡನೆಯದು ಬ್ರಾಂಡೆಡ್ ಕಂಪ್ಯೂಟರಿನ ಜೊತೆಗೆ ಬಂದ ಒಇಎಂ ಲೈಸೆನ್ಸ್. ಅದು ಆ ಯಂತ್ರಕ್ಕೆ ಅಂಟಿಕೊಂಡದ್ದು. ಯಂತ್ರ ಗುಜರಿಗೆ ಹೋದರೆ ಅದೂ ಹೋಯಿತು. ಹಳೆಯ ಯಂತ್ರದ ಅರ್ಹತೆ ತೋರಿಸಿ ಹೊಸದಾಗಿ ಜೋಡಿಸಿದ ಯಂತ್ರಕ್ಕೆ ಅಪ್‌ಗ್ರೇಡ್ ಹಾಕುವುದು ಕರಾರಿಗೆ ವಿರುದ್ಧ. ಖಾಲಿ ಡಿಸ್ಕಿಗೆ ಹಾಕುವ ವಿಧಾನದಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ. ಲೆಕ್ಕಪರಿಶೋಧನೆಗೆ ಬಂದವರು ಕೇಳಿದಾಗ ಸಂಸ್ಥೆಯ ಕಡತದಲ್ಲಿ ಉತ್ತರ ಇರುವುದಿಲ್ಲ.

ಮೂರನೆಯದು, ಫಾರ್ಮ್ಯಾಟ್ ಹೊಡೆದಾಗ ಕಸದ ಜೊತೆಗೆ ಹೋಗುವ ಇತರ ಸಂಗತಿಗಳು. ನಮ್ಮಲ್ಲಿ ಕಚೇರಿ ಪತ್ರಗಳೆಲ್ಲ ನುಡಿ ಫಾಂಟಿನಲ್ಲಿವೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಸುತ್ತೋಲೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ. ಗುಮಾಸ್ತರು ಫೈಲ್ ಕೆಟ್ಟಿದೆಯೆಂದು ತಿಳಿದು ಅಳಿಸಿಬಿಡುವ ಅಪಾಯವಿದೆ. ಲೆಕ್ಕ ವಿಭಾಗದಲ್ಲಿ ಟ್ಯಾಲಿ ತಂತ್ರಾಂಶ ಇದೆ. ಅದರ ಲೈಸೆನ್ಸನ್ನು ಫಾರ್ಮ್ಯಾಟಿಗೆ ಮೊದಲು ಸರೆಂಡರ್ ಮಾಡಬೇಕು, ಇಲ್ಲದಿದ್ದರೆ ಮತ್ತೆ ಹಾಕುವಾಗ ತೊಂದರೆ. ಲ್ಯಾಪ್‌ಟಾಪುಗಳಲ್ಲಿ ರಿಕವರಿ ಪಾರ್ಟಿಷನ್ ಇರುತ್ತದೆ. ಎಲ್ಲ ಪಾರ್ಟಿಷನ್ ಅಳಿಸಿ ಒಂದೇ ಮಾಡುವ ಹುಮ್ಮಸ್ಸಿನಲ್ಲಿ ಅದೂ ಹೋದರೆ ಮೂಲ ವಿಂಡೋಸಿಗೆ ಮರಳುವ ದಾರಿ ಮುಚ್ಚಿತು. ಒಳಗಿನಿಂದ ಮಾಡುವ ಅಪ್‌ಗ್ರೇಡಿನಲ್ಲಿ ಇವೆಲ್ಲ ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ.

ನಾಲ್ಕನೆಯದು ರಿಜಿಸ್ಟ್ರಿ. ಮೇಲೆ ಹೇಳಿದ ವಿಧಾನ ಬಲ್ಲವರ ಕೈಯಲ್ಲಿ ಸರಳವೇ. ಅರ್ಧ ಕೇಳಿಸಿಕೊಂಡು ಮನೆಗೆ ಹೋಗಿ ಬೇರೆಯದೇ ಅಂಕಿ ತಿದ್ದುವವರು ಹೆಚ್ಚು.

ಇಪ್ಪತ್ತು ಗಂಟೆಯ ಲೆಕ್ಕ ಅತಿರೇಕದ ಉದಾಹರಣೆ. ಅಷ್ಟೊಂದು ಕಡತ ತುಂಬಿದ ಯಂತ್ರ ಎಷ್ಟು ಮನೆಗಳಲ್ಲಿದೆ? ಎಕ್ಸ್‌ಪಿಯವರಿಗೆ ಕಸ್ಟಮ್ ಬಿಟ್ಟು ಬೇರೆ ದಾರಿಯಿಲ್ಲ ಎಂಬ ಮಾತನ್ನು ಅಲ್ಲಗಳೆಯುವಂತಿಲ್ಲ. ಅವರು ಹಳೆಯದನ್ನು ಅಳಿಸದೆ, ಎಕ್ಸ್‌ಪಿ ಇರುವಾಗಲೇ ಡಿವಿಡಿ ಹಾಕಿ ಕಸ್ಟಮ್ ಒತ್ತಲಿ. ವಿಂಡೋಸ್.ಓಲ್ಡ್‌ನಲ್ಲಿ ಕಡತಗಳು ಉಳಿಯುತ್ತವೆ, ಕೀ ಕೂಡ ತಕರಾರಿಲ್ಲದೆ ಒಪ್ಪುತ್ತದೆ. ನಾವು ಪ್ರಯೋಗಾಲಯದ ಯಂತ್ರಗಳಿಗೆ ಮಾಡುವುದೂ ಹೀಗೆಯೇ. ಒಳಗಿನಿಂದ ಅಪ್‌ಗ್ರೇಡ್ ಮಾಡಿದ ವಿಸ್ತಾ ಯಂತ್ರಗಳಿಗಿಂತ ಅವು ಚುರುಕಾಗಿ ಓಡುತ್ತಿವೆ ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಹಾಗಾಗಿ ಬರುವ ರಜೆಯಲ್ಲಿ ಆ ವಿಸ್ತಾ ಯಂತ್ರಗಳನ್ನೂ ಕಸ್ಟಮ್ ಮಾಡಿಯೇ ಹಾಕುವ ಯೋಚನೆ ಇದೆ. ಫಾರ್ಮ್ಯಾಟ್ ಮಾತ್ರ ಮಾಡುವುದಿಲ್ಲ.